ಎಲೆಯ ಬಾಯಿಗೆ ನನ್ನ ಕೈತುತ್ತು

ನೀರು ಚಿಮುಕಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ! ನಮ್ಮದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ. ಒಗೆಯುವುದು, ಕಲೆ ತೆಗೆಯುವುದು, ಮಡಿಸುವುದು ನನ್ನ ಹೆಂಡತಿಯ ಇಲಾಖೆ. ಗಂಜಿ ಹಾಕಿ ಇಸ್ತ್ರಿ ಮಾಡುವುದು ನನ್ನ ಸಾಮ್ರಾಜ್ಯ. ಒಂದು ಕೈಯಲ್ಲಿ ಗಂಜಿಯ ಸ್ಪ್ರೇ ಬಾಟಲಿ, ಇನ್ನೊಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತೆನೆಂದರೆ ಯುದ್ಧಕ್ಕೆ ಹೊರಟ ಚಕ್ರವರ್ತಿಯೂ ನನ್ನ ಮುಂದೆ ಸಪ್ಪೆ. ಕಾಲರಿಗೆ ಎಷ್ಟು ಹನಿ, ತೋಳಿನ ಪಟ್ಟಿಗೆ ಎಷ್ಟು ಹನಿ ಎಂಬುದು ನನ್ನ ತಲೆಗಲ್ಲ, ನೇರವಾಗಿ ಹೆಬ್ಬೆರಳಿಗೇ ಗೊತ್ತು.

ಹೀಗಿರುವಾಗ ನನ್ನ ಮಾವನವರು ತಮ್ಮ ಬೋನ್ಸಾಯ್ ಮರವನ್ನು ಎದೆಗವಚಿಕೊಂಡು ಅಂಗಡಿಗೆ ಬಂದರು. ಹಿರಿಯ ಮಗಳಿಗೆ ಮಗುವಾಗಿದೆ, ಮೊಮ್ಮಗುವನ್ನು ನೋಡಿ ಒಂದಷ್ಟು ದಿನ ಇದ್ದು ಬರಬೇಕು, ಅಲ್ಲಿಯವರೆಗೆ ಮರ ನಮ್ಮಲ್ಲಿರಲಿ ಎಂದರು. ಮಾವನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಸಕ್ಕರೆಯನ್ನೂ ಚಮಚದ ಅಂಚಿಗೆ ಸಮ ಮಾಡಿಯೇ ಕಾಫಿಗೆ ಹಾಕುವ ಜನ!

"ಬೇರಿಗೆ ನೀರು ಹಾಕೋದು ಎಲ್ಲರಿಗೂ ಗೊತ್ತು ಅಳಿಯಂದಿರೇ. ಆದರೆ ಇದಕ್ಕೆ ಎಲೆ ಮೂಲಕಾನೂ ಉಣಿಸಬೇಕು. ಈ ಟಾನಿಕ್ ಒಂದು ಮುಚ್ಚಳ, ಒಂದು ಬಾಟಲಿ ನೀರಿಗೆ. ಬೆಳಿಗ್ಗೆ ಬಿಸಿಲು ಏರೋಕೆ ಮುಂಚೆ, ಎಲೆಯ ಕೆಳಗಡೆಗೆ, ಮಂಜಿನ ಹಾಗೆ."

"ಕೆಳಗಡೆಗೇ ಯಾಕೆ ಮಾವ?"

"ಬಾಯಿ ಇರೋದು ಅಲ್ಲೇ. ಬೆಳಿಗ್ಗೆ ತಂಪಲ್ಲಿ ತೆರೆದಿರುತ್ತೆ, ಬಿಸಿಲಿಗೆ ಮುಚ್ಚಿಕೊಳ್ಳುತ್ತೆ."

ಎಲೆಗೆ ಬಾಯಿ! ಅದೂ ಕೆಳಗಡೆ! ಇಷ್ಟು ವರ್ಷ ಬದುಕಿದ್ದೂ ಈ ಸುದ್ದಿ ನನ್ನ ಕಿವಿಗೆ ಬಿದ್ದಿರಲಿಲ್ಲವಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

"ಅಪ್ಪಾ, ನಾನು ನೋಡ್ಕೋತೀನಿ ಬಿಡಿ," ಎಂದಳು ಹೆಂಡತಿ.

"ನೀನಾ? ಸ್ಪ್ರೇ ಇಲಾಖೆ ಯಾರದು? ಮಾವ, ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ. ವಾಪಸ್ ಬರೋ ಹೊತ್ತಿಗೆ ಮರ ಹೇಗಿರುತ್ತೆ ಅಂದ್ರೆ, ನಿಮಗೆ ಗುರುತೇ ಸಿಗಬಾರದು!"

"ಗುರುತು ಸಿಕ್ಕಿದರೆ ಸಾಕು," ಎಂದು ಮಾವ ನಿಟ್ಟುಸಿರು ಬಿಟ್ಟು ಹೊರಟರು. ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದರು. ನೋಡಿದ್ದು ಮಗಳನ್ನಲ್ಲ, ನನ್ನನ್ನಂತೂ ಮೊದಲೇ ಅಲ್ಲ, ಮರವನ್ನು.

ಅವರು ಹೋದ ಮೇಲೆ ಹೆಂಡತಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ಇದು ಬರೀ ಗಿಡ ಅಲ್ಲ ಕಣ್ರೀ. ನಾನು ತೊಟ್ಟಿಲಲ್ಲಿದ್ದಾಗ ನಮ್ಮ ಬಚ್ಚಲು ಗೋಡೆಯ ಬಿರುಕಲ್ಲಿ ಹುಟ್ಟಿತ್ತಂತೆ. ಕಿತ್ತು ಬಿಸಾಕ್ತೀನಿ ಅಂತ ಅಪ್ಪ ಹೊರಟ್ರೆ, ಅಮ್ಮ ತಡೆದು ಕುಂಡದಲ್ಲಿ ಇಟ್ಟಳು. ಅಮ್ಮ ಹೋದ ಮೇಲೆ ಅಪ್ಪ ಇದರ ಜೊತೇನೇ ಮಾತಾಡೋದು. ಇದಕ್ಕೇನಾದ್ರೂ ಆದ್ರೆ ಅಪ್ಪ ತಡ್ಕೊಳ್ಳಲ್ಲ. ನಾನೂ ತಡ್ಕೊಳ್ಳಲ್ಲ."

ಅವಳ ಕಣ್ಣು ತುಂಬಿತ್ತು. ಮರವನ್ನು ಕಾಪಾಡಿಯೇ ತೀರುತ್ತೇನೆ ಎಂದು ಇಸ್ತ್ರಿ ಪೆಟ್ಟಿಗೆ ಮುಟ್ಟಿ ಆಣೆ ಮಾಡಿದೆ. ಅದು ಬಿಸಿಯಾಗಿತ್ತು. ಆಣೆ ಕೂಡಲೇ ತಾಗಿತು.

ಮನೆಯಲ್ಲಿ ಬೆಳಕು ಸಾಲದೆಂದು ಮರವನ್ನು ಅಂಗಡಿಯ ಕಿಟಕಿಯಲ್ಲೇ ಇಟ್ಟೆವು. ಆಲದ ಜಾತಿಯದು. ಒಂದು ಮೊಳ ಎತ್ತರ, ತಟ್ಟೆಯಂಥ ಕುಂಡ. ಆದರೂ ಕಾಂಡದ ಠೀವಿ ನೋಡಿದರೆ ಅದರ ಕೆಳಗೆ ಒಂದು ಇಡೀ ಸಂತೆ ಕೂರಬಹುದು ಎನ್ನಿಸುತ್ತಿತ್ತು. ನಾವಿಬ್ಬರೂ ಒಂದೇ ಮೇಜಿನ ಎರಡು ಕಡೆ ಎದುರುಬದುರಾಗಿ ನಿಂತು ಕೆಲಸ ಮಾಡುವವರು. ನಾನು ಇಸ್ತ್ರಿ ಮಾಡಿ ತಳ್ಳುತ್ತೇನೆ, ಅವಳು ಮಡಿಸುತ್ತಾಳೆ. ಬೆಳಿಗ್ಗೆ ಬಾಟಲಿಗೆ ಗಂಜಿ ತುಂಬಿಸಿ ಮೇಜಿನ ಮೇಲೆ ಇಡುವುದು ಅವಳ ಕೆಲಸ. ಟಾನಿಕ್ಕಿನ ಅಳತೆಯೂ ಚಿಕ್ಕಂದಿನಿಂದ ಅವಳಿಗೇ ಗೊತ್ತಿದ್ದರಿಂದ ಅದನ್ನು ಬೆರೆಸುವುದನ್ನೂ ಅವಳಿಗೇ ಬಿಟ್ಟೆ. ಎರಡೂ ಒಂದೇ ಥರದ ನೀಲಿ ಬಾಟಲಿಗಳು. ಒಳಗೇನಿದೆ ಎಂದು ಹೊರಗಿನಿಂದ ಕಾಣುತ್ತಿರಲಿಲ್ಲ.

ಆದರೆ ನಾನು ವ್ಯವಸ್ಥೆಯ ಮನುಷ್ಯ! ಮೊದಲ ದಿನವೇ ಆಜ್ಞೆ ಹೊರಡಿಸಿದೆ:

"ನೋಡು, ಎಡವಟ್ಟಾಗಬಾರದು. ಮರದ್ದು ಬಲಗಡೆ. ಗಂಜಿ ಎಡಗಡೆ. ಗೊತ್ತಾಯ್ತಾ?"

"ಗೊತ್ತಾಯ್ತು. ನಾನೇನು ಮಗುವಾ?" ಎಂದಳು ಮೇಜಿನ ಆ ಕಡೆಯಿಂದ.

ನನ್ನ ಎಲೆ-ಉಪಚಾರ ಆರಂಭವಾಯಿತು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬಲಗಡೆಯ ಬಾಟಲಿ ಎತ್ತಿಕೊಂಡು ಕಿಟಕಿಯ ಮುಂದೆ ಮಂಡಿಯೂರುತ್ತಿದ್ದೆ. ಒಂದೊಂದೇ ಎಲೆಯನ್ನು ಬೆರಳ ತುದಿಯಲ್ಲಿ ಮೇಲೆತ್ತಿ, ಕೆಳಗಿನಿಂದ ಹದವಾಗಿ ಮಂಜು ಹಾಯಿಸುತ್ತಿದ್ದೆ. ಆಮೇಲೆ ಎಡಗಡೆಯ ಬಾಟಲಿ ಎತ್ತಿಕೊಂಡು ಅಂಗಿಗಳ ಕಡೆ ತಿರುಗುತ್ತಿದ್ದೆ.

ಕೆಲಸವೇನೋ ಸುಲಭ. ಆದರೆ ನನ್ನ ಕುತೂಹಲ ಸುಮ್ಮನಿರಬೇಕಲ್ಲ! ಎಲೆ ನಿಜವಾಗಿಯೂ ಕುಡಿಯುತ್ತದೆಯೇ? ಕುಡಿದರೆ ಗುಟುಕು ಗುಟುಕಾಗಿಯೇ, ಒಂದೇ ಉಸಿರಿಗೇ? ಎದುರಿನ ಕನ್ನಡಕದಂಗಡಿಯವರನ್ನು ಕಾಡಿಬೇಡಿ ಒಂದು ಭೂತಗನ್ನಡಿ ತಂದೆ. ಎಲೆ ಮಗುಚಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಗಾಜಿಗೆ ಅಂಟಿಸಿ ನಿಂತೆ. ಬಾಯಿ ಕಾಣಲಿಲ್ಲ. ನನ್ನ ರೆಪ್ಪೆಗೂದಲು ಕಂಡಿತು. ಕನ್ನಡಕದಂಗಡಿಯವರಂತೂ ನನ್ನನ್ನು ನೋಡುವುದಕ್ಕೆಂದೇ ತಮ್ಮ ಕುರ್ಚಿಯನ್ನು ಹೊರಗೆ ಹಾಕಿಕೊಂಡರು.

ಹಾಗಾದರೆ ಪ್ರಯೋಗವೇ ಆಗಲಿ! ಎಲೆಯ ಮೇಲೆ ಮರದ ಬಾಟಲಿಯಿಂದ ಒಂದು ಹನಿ ಬಿಟ್ಟೆ. ಅದೇ ಬಾಟಲಿಯಿಂದ ಅಂಗಿಯ ಒಂದು ಸಡಿಲ ಗುಂಡಿಯ ಮೇಲೂ ಒಂದು ಹನಿ ಬಿಟ್ಟೆ. ಎಲೆ ಕುಡಿಯುತ್ತದೆ, ಗುಂಡಿ ಕುಡಿಯಲಾರದು. ಮೊದಲು ಯಾವುದು ಖಾಲಿಯಾಗುತ್ತದೋ ನೋಡೋಣ ಎಂದು ಗಲ್ಲಕ್ಕೆ ಕೈಕೊಟ್ಟು ಕುಳಿತೆ. ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ಖಾಲಿಯಾದವು. ಎರಡರ ಮೇಲೂ ಒಂದೇ ಥರದ ಬಿಳಿ ಬಳೆ ಉಳಿಯಿತು.

"ಕೇಳಿದೆಯೇನೇ? ಗುಂಡಿಗೂ ಬಾಯಿದೆ ಅನ್ಸುತ್ತೆ!"

"ಗುಂಡಿ ವಿಷಯ ಗೊತ್ತಿಲ್ಲ. ನಿಮ್ಮ ಬಾಯಿಗೆ ಊಟ ಆರ್ತಾ ಇದೆ. ಮೇಲೆ ಬನ್ನಿ."

ಆ ಬಿಳಿ ಬಳೆಯ ಅರ್ಥ ಅಂದೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಉಂಡೆದ್ದ ತಟ್ಟೆಯಲ್ಲಿ ಅಗುಳು ಉಳಿಯುವುದಿಲ್ಲವೇ, ಹಾಗೆ ಎಂದುಕೊಂಡೆ.

ದಿನ ಕಳೆದಂತೆ ಮರದಲ್ಲಿ ಅದ್ಭುತ ಬದಲಾವಣೆ! ಮೊದಲು ಸ್ವಲ್ಪ ಜೋತುಬಿದ್ದಂತಿದ್ದ ಎಲೆಗಳು ಈಗ ಸೆಟೆದು ನಿಂತವು. ಗಾಳಿ ಬಂದರೂ ಅಲುಗಾಡುತ್ತಿರಲಿಲ್ಲ. ಮಾವ ಫೋನು ಮಾಡಿದಾಗ ನಾನು ಹಿಗ್ಗಿ ಹೇಳಿದೆ:

"ಎಲೆಗಳು ಎದ್ದು ನಿಂತು ಸೆಲ್ಯೂಟ್ ಹೊಡೀತಿವೆ ಮಾವ!"

"ಎಲೆ ಯಾಕೆ ಎದ್ದು ನಿಲ್ಲುತ್ತೆ?"

"ನನ್ನ ಕೈಗುಣ ಮಾವ!"

ಮಾವ ಒಮ್ಮೆ ಕೆಮ್ಮಿದರು. ಆಮೇಲೆ, "ಅಮ್ಮುಗೆ ಫೋನು ಕೊಡಿ," ಎಂದರು. ಅಮ್ಮು ಎಂದರೆ ನನ್ನ ಹೆಂಡತಿ.

ಅದೇ ದಿನಗಳಲ್ಲಿ ಇನ್ನೂ ಕೆಲವು ವಿಚಿತ್ರಗಳು ನಡೆದವು. ಅಂಗಡಿಗೆ ಬಂದವರು ಮೂಗನ್ನು ಅರಳಿಸಿ ಆಚೀಚೆ ನೋಡುತ್ತಿದ್ದರು. ಮರದ ಸೊಬಗಿಗೆ ಮಾರುಹೋಗಿದ್ದಾರೆ ಎಂದುಕೊಂಡೆ. ವರ್ಷಗಟ್ಟಲೆ ಬ್ಲೀಚಿನ ಹೊಗೆ ಕುಡಿದು ನನ್ನ ಮೂಗು ಎಂದೋ ನಿವೃತ್ತಿ ಪಡೆದಿದೆ, ನನಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಇನ್ನು ನನ್ನ ಹೆಂಡತಿ! ಮಡಿಸುತ್ತ ಮಡಿಸುತ್ತ ಹಾಡು ಗುನುಗತೊಡಗಿದ್ದಳು. ಮದುವೆಯಾದ ಹೊಸತರಲ್ಲೂ ಹೀಗೆ ಹಾಡಿದವಳಲ್ಲ.

"ಏನೇ ವಿಶೇಷ?"

"ಏನೋ ಗೊತ್ತಿಲ್ಲಾರೀ. ಅಂಗಡಿಗೆ ಇಳಿದ ಕೂಡಲೇ ಮನಸ್ಸು ಹಗುರ ಆಗುತ್ತೆ."

ನನ್ನ ಜೊತೆ ನಿಂತು ಕೆಲಸ ಮಾಡುವ ಸುಖ ಅವಳಿಗೆ ತಡವಾಗಿಯಾದರೂ ತಿಳಿಯಿತಲ್ಲ ಎಂದು ನಾನು ಮೀಸೆಯ ಮೇಲೆ ಕೈಯಾಡಿಸಿದೆ.

ಆಗ ಬಂದರು ವಕೀಲರು. ನಮ್ಮ ಖಾಯಂ ಗಿರಾಕಿ. ಬಿಳಿ ಅಂಗಿ ಕತ್ತಿಯ ಅಲಗಿನಂತೆ ನಿಲ್ಲದಿದ್ದರೆ ಅವರಿಗೆ ವಾದ ಮಾಡಲು ಬಾಯೇ ಬರುವುದಿಲ್ಲ. ಒಳಗೆ ಬಂದವರೇ ಬಾಗಿಲನ್ನು ಧಡ್ ಎಂದು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತರು.

"ಏನ್ರೀ ಮಾಡಿದ್ದೀರಿ ನನ್ನ ಅಂಗಿಗಳಿಗೆ?"

"ಯಾಕೆ ಸರ್? ಗಂಜಿ ಹೆಚ್ಚಾಯ್ತಾ?"

"ಗಂಜಿ ಎಲ್ಲಿದೇರೀ? ಕಾಲರು ನಾಯಿ ಕಿವಿ ಹಾಗೆ ಜೋತಾಡ್ತಿದೆ! ಅದು ಹಾಗಿರಲಿ, ಹೊರಗೆ ನೋಡಿ!"

ಕಿಟಕಿಯಿಂದ ಇಣುಕಿದೆ. ಮೆಟ್ಟಿಲ ಮೇಲೆ ಮೂರು ಬೆಕ್ಕುಗಳು. ಮೂರೂ ನಾಲಗೆಯಿಂದ ಮೂತಿ ಒರೆಸಿಕೊಳ್ಳುತ್ತ, ಮಹಾ ಭಕ್ತಿಯಿಂದ ಬಾಗಿಲನ್ನೇ ನೋಡುತ್ತಿದ್ದವು.

"ಮನೆಯಿಂದ ಕೋರ್ಟಿಗೆ, ಕೋರ್ಟಿಂದ ಮನೆಗೆ! ಇವತ್ತು ಒಂದು ಬೆಕ್ಕು ನ್ಯಾಯಾಧೀಶರ ಎದುರಿಗೇ ನನ್ನ ಕಾಲಿಗೆ ಮೈ ಉಜ್ಜಿತು. ಇದು ನಿಮ್ಮ ಕಕ್ಷಿದಾರರೇ ಅಂತ ಕೇಳಿದರು ಅವರು! ಕೋರ್ಟಿಗೆ ಕೋರ್ಟೇ ನಕ್ಕಿತು!"

ನನಗೆ ನಗು ಉಕ್ಕಿ ಬಂತು. ಕೆಮ್ಮಿ ನುಂಗಿಕೊಂಡೆ. ಹೆಂಡತಿ ಮಾತ್ರ ನಗಲಿಲ್ಲ. ವಕೀಲರು ತಂದಿದ್ದ ಇನ್ನೊಂದು ಅಂಗಿಯನ್ನು ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆದುಕೊಂಡಳು. ಅವಳ ಮುಖ ಅರಳಿತು. ಮರುಕ್ಷಣ ಬಿಳುಚಿತು.

"ರೀ... ಇದು ನಮ್ಮಪ್ಪನ ಮನೆ ವಾಸನೆ!"

"ಅಂದ್ರೆ?"

"ಟಾನಿಕ್ಕು! ಮೀನಿನ ಗೊಬ್ಬರ ಅದು! ನಾನು ಹುಟ್ಟಿದಾಗಿಂದ ಮನೆ ತುಂಬ ಇದೇ ವಾಸನೆ. ನನಗೆ ವಾಸನೆ ಅಂತಾನೇ ಅನ್ಸಲ್ಲ. ಅದಕ್ಕೇ ನಾನು ಇಷ್ಟು ದಿನ ಹಾಡ್ತಾ ಇದ್ದದ್ದು!"

ಮೀನು! ಅದನ್ನು ಊರಿನ ಗಣ್ಯರ ಅಂಗಿಗಳಿಗೆಲ್ಲ ಚಿಮುಕಿಸಿ, ಮೇಲೆ ಬಿಸಿ ಇಸ್ತ್ರಿ ಉಜ್ಜಿ, ಹದವಾಗಿ ಹುರಿದು ಕೊಟ್ಟಿದ್ದೇನೆ! ಹೆಂಡತಿ ಕಿಟಕಿಗೆ ಓಡಿ ಒಂದು ಎಲೆಯನ್ನು ಹೆಬ್ಬೆರಳಿನಿಂದ ಸವರಿದಳು. ಎಲೆ ಚರಚರ ಎಂದಿತು.

"ಗಂಜಿ," ಎಂದಳು ಸಣ್ಣ ದನಿಯಲ್ಲಿ. "ಮರಕ್ಕೆ ಗಂಜಿ ಹಾಕಿದ್ದೀರಿ."

"ನಾನಾ? ಮರದ್ದು ಬಲಗಡೆ ಇಡು ಅಂದಿದ್ದೆನಲ್ಲ!"

"ಬಲಗಡೇನೇ ಇಟ್ಟಿದ್ದೀನಿ!"

ಇಬ್ಬರೂ ಮೇಜಿನ ಎರಡು ಕಡೆ ನಿಂತು ಒಟ್ಟಿಗೇ ಬಲಗೈ ಚಾಚಿದೆವು. ನನ್ನ ಕೈ ಕಿಟಕಿಯ ಕಡೆ ಹೋಯಿತು. ಅವಳ ಕೈ ಗೋಡೆಯ ಕಡೆ ಹೋಯಿತು. ವಕೀಲರು ಎರಡು ಕೈಗಳನ್ನೂ ನೋಡಿ, "ಈ ಕೇಸು ನನ್ನ ಕೈಲಿ ಆಗಲ್ಲ," ಎಂದು ಹಿತ್ತಲ ಬಾಗಿಲಿನಿಂದ ಹೊರಟುಹೋದರು.

ಹೆಂಡತಿ ಒಂದು ನಿಮಿಷವೂ ಹಾಳು ಮಾಡಲಿಲ್ಲ. ಗಿರಾಕಿಗಳ ಮನೆಗೆ ಹೋಗಿ ಅಂಗಿಗಳನ್ನು ವಾಪಸು ತರಲು ದೊಡ್ಡ ಚೀಲ ಹೆಗಲಿಗೇರಿಸಿದಳು. ಹೋಗುವ ಮುಂಚೆ ನನ್ನ ಮುಂದೆ ಬೆರಳು ಆಡಿಸಿದಳು.

"ಗಂಜಿ ತಣ್ಣೀರಿಗೆ ಹೋಗಲ್ಲ. ಉಗುರು ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಒಂದೊಂದೇ ಎಲೆ ನಿಧಾನಕ್ಕೆ ಒರೆಸಿ. ಬೇರೆ ಏನೂ ಮಾಡ್ಬೇಡಿ. ಏನೂ! ಅಮ್ಮನ ಮರ ಅದು."

ಒರೆಸಲು ಕೂತೆ. ಹತ್ತೆಲೆ ಮುಗಿಯುವಷ್ಟರಲ್ಲಿ ಸೊಂಟ ಹಿಡಿಯಿತು. ತಲೆಯೆತ್ತಿ ನೋಡಿದರೆ ಇನ್ನೂ ನೂರಾರು ಎಲೆಗಳು ಸೆಲ್ಯೂಟ್ ಹೊಡೆಯುತ್ತ ನಿಂತಿವೆ! ಆಗ ನನ್ನ ಮೆದುಳಿನಲ್ಲಿ ದೀಪ ಹತ್ತಿತು. ಗಂಜಿಗೆ ಬೇಕಾದದ್ದು ಬಿಸಿ. ಎಲೆಗೆ ಬೇಕಾದದ್ದು ಮಂಜು. ಬಿಸಿಯಾದ ಮಂಜು ಎಂದರೇನು? ಹಬೆ! ಹಬೆಯ ಇಸ್ತ್ರಿ ಪೆಟ್ಟಿಗೆ ಪಕ್ಕದಲ್ಲೇ ಇದೆ!

ಗೇಣು ದೂರದಿಂದಲೇ ಹಿಡಿದೆ, ಸುಳ್ಳು ಹೇಳುವುದಿಲ್ಲ. ರೇಷ್ಮೆ ಬಟ್ಟೆಗೆ ಕೊಡುವಷ್ಟೇ ಮರ್ಯಾದೆ ಕೊಟ್ಟೆ. ಬುಸ್ಸ್ ಎಂದು ಹಬೆ ಹಾಯಿಸಿದ ಕೂಡಲೇ ಗಂಜಿ ಕರಗಿ ತೊಟ್ಟಿಕ್ಕಿತು. ಎಲೆಗಳು ಪಳಪಳ ಹೊಳೆದವು. ಆಹಾ, ಎಂಥ ಹಸಿರು! ಇಡೀ ಮರಕ್ಕೆ ಹಬೆ ಕೊಟ್ಟು ಮುಗಿಸಿ, ಹೆಂಡತಿ ಬಂದು ಬೆರಗಾಗಲಿ ಎಂದು ಕಾಲಮೇಲೆ ಕಾಲು ಹಾಕಿ ಕುಳಿತೆ.

ಅವಳು ಬಂದಳು. ಬೆರಗಾದಳು. ಅಷ್ಟರಲ್ಲಿ ಆ ಪಳಪಳ ಹಸಿರು ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಮರುದಿನದಿಂದ ಎಲೆಗಳು ಉದುರತೊಡಗಿದವು. ಟಪ್. ಟಪ್. ಕೊನೆಗೆ ಮರ ಬೋಳಾಯಿತು. ಬರೀ ಕಡ್ಡಿಗಳು. ಕುಂಡದಲ್ಲಿ ಮರದ ಎಲುಬಿನ ಗೂಡು ನಿಂತಂತಿತ್ತು.

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು! ಸುಮ್ಮನೆ ಮರದ ಮುಂದೆ ಕುಳಿತು ಅತ್ತಳು. ಆಗ ಮೊದಲ ಬಾರಿಗೆ ನನಗೆ ನನ್ನ ಕೈಗಳನ್ನು ಕಂಡರೆ ಹೇಸಿಗೆಯಾಯಿತು. ಹೇಗಾದರೂ ಇದು ಬದುಕಿಕೊಳ್ಳಲಿ, ಇನ್ನು ಯಾವ ಜಂಬವೂ ಬೇಡ ಎಂದು ಮನಸ್ಸಿನಲ್ಲೇ ಗೋಗರೆದೆ. ಅಂದಿನಿಂದ ಬೇರಿಗೆ ಮಾತ್ರ, ಮಣ್ಣು ಮುಟ್ಟಿ ನೋಡಿ, ಬರೀ ನೀರು ಹಾಕಿದೆ. ಮಾವ ಫೋನು ಮಾಡಿದಾಗಲೆಲ್ಲ, "ಇನ್ನೂ ಸ್ವಲ್ಪ ದಿನ ಇರಿ ಮಾವ, ಮೊಮ್ಮಗು ನಿಮ್ಮನ್ನ ಬಿಟ್ಟಿರುತ್ತಾ?" ಎನ್ನುತ್ತಿದ್ದೆ.

"ಅದು ನನ್ನ ಮುಖ ಕಂಡರೇ ಅಳುತ್ತೆ ಅಳಿಯಂದಿರೇ," ಎನ್ನುತ್ತಿದ್ದರು ಅವರು.

ಹೀಗೆ ವಾರಗಳು ಕಳೆದವು. ಒಂದು ಬೆಳಿಗ್ಗೆ ನೋಡುತ್ತೇನೆ, ಕಡ್ಡಿಗಳ ತುದಿಯಲ್ಲೆಲ್ಲ ಮುಳ್ಳಿನಂಥ ಕೆಂಪು ಮೊನೆಗಳು!

"ಅಯ್ಯಯ್ಯೋ, ಹುಳ ಬಿತ್ತು ಕಣೇ! ಔಷಧಿ ಹೊಡೆದುಬಿಡ್ತೀನಿ, ಆ ಬಾಟಲಿ ಕೊಡು!"

"ಬಾಟಲಿ ಮುಟ್ಟಿದ್ರೆ ನೋಡಿ!" ಎಂದು ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ನಾವು ಹೀಗೆ ಗುದ್ದಾಡುತ್ತಿರುವಾಗಲೇ ಬಾಗಿಲು ತೆರೆಯಿತು. ಬಸ್ಸಿನಿಂದ ಇಳಿದವರು ಮನೆಗೂ ಹೋಗದೆ, ಚೀಲ ಹಿಡಿದುಕೊಂಡೇ ಮಾವ ಬಂದು ನಿಂತಿದ್ದರು.

ಚೀಲ ಕೆಳಗಿಟ್ಟು ಮರದ ಹತ್ತಿರ ಹೋದರು. ಬಗ್ಗಿದರು. ಕಾಂಡವನ್ನು ಉಗುರಿನಿಂದ ಒಂದಿಷ್ಟು ಕೆರೆದರು. ಒಳಗೆ ಹಸಿರು. ಕೆಂಪು ಮೊನೆಯೊಂದನ್ನು ಬೆರಳ ತುದಿಯಿಂದ ಮುಟ್ಟಿದರು.

"ಚಿಗುರು," ಎಂದರು. "ಎಲೆ ಎಲ್ಲ ಯಾರು ತೆಗೆದದ್ದು?"

"ನಾನೇ ಮಾವ," ಎಂದೆ. ಅದಂತೂ ನಿಜ.

ಮಾವ ಕುರ್ಚಿ ಎಳೆದುಕೊಂಡು ಕುಳಿತರು. "ನಿಮ್ಮತ್ತೆ ವರ್ಷಕ್ಕೊಂದು ಸಲ ಎಲ್ಲ ಎಲೆ ಕಿತ್ತುಹಾಕ್ತಿದ್ದಳು. ಹಾಗೆ ಮಾಡಿದ್ರೇನೇ ಹೊಸ ಎಲೆ ಸಣ್ಣದಾಗಿ, ಅಂದವಾಗಿ ಬರೋದು. ಅವಳು ಹೋದ ಮೇಲೆ ನನಗೆ ಕೈಯೇ ಬರಲಿಲ್ಲ. ಅವಳ ಮರವನ್ನ ಹೇಗೆ ಬೋಳು ಮಾಡಲಿ ಅಂತ ಸುಮ್ಮನಿದ್ದೆ. ಎಲೆ ದೊಡ್ಡದಾಗ್ತಾ ಹೋಯ್ತು. ನೀವು ಧೈರ್ಯ ಮಾಡಿದಿರಿ." ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಾನು ಹುಟ್ಟಿದ್ದೇ ಮತ್ತೆ ಉಬ್ಬಲಿಕ್ಕೆ ಎಂದು ಕಾಣುತ್ತದೆ! ಎದೆ ತಾನಾಗಿಯೇ ಮುಂದೆ ಬಂತು.

"ಅದೇ ಮಾವ, ನಾನೂ ಎಲ್ಲ ಕಡೆಯಿಂದ ಯೋಚಿಸಿ, ಎಲೆಗಳ ಸ್ಥಿತಿಗತಿ ಪರೀಕ್ಷಿಸಿ..."

ಹೆಂಡತಿ ಗಂಟಲು ಸರಿಮಾಡಿಕೊಂಡಳು. ಮಾವ ಆಗಲೇ ಬಗ್ಗಿ ಕುಂಡದ ಪಾಚಿಯಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಎಲೆಯೊಂದನ್ನು ಎತ್ತಿಕೊಂಡಿದ್ದರು. ಬೆರಳುಗಳ ನಡುವೆ ಉಜ್ಜಿದರು. ಬಿಳಿ ಪುಡಿ ಉದುರಿತು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಮ್ಮ ಅಂಗಿಯ ಕಾಲರನ್ನು ಮುಟ್ಟಿ ನೋಡಿಕೊಂಡರು. ಮತ್ತೆ ಎಲೆ ಮುಟ್ಟಿದರು.

"ಅಳಿಯಂದಿರೇ, ಕತ್ತರಿಯಲ್ಲಿ ತೆಗೆದಿರೋ, ಕೈಯಲ್ಲೋ?"

"ಇಸ್ತ್ರಿ ಪೆಟ್ಟಿಗೆಯಲ್ಲಿ ಮಾವ," ಎಂದೆ.

ಇನ್ನು ಮುಚ್ಚಿಡುವುದೇನು? ಬಲಗಡೆ, ಎಡಗಡೆ, ಬೆಕ್ಕು, ನ್ಯಾಯಾಧೀಶರು, ಹಬೆ ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಒಪ್ಪಿಸಿದೆ. ಮಾವ ಮೊದಲು ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾವು ನೋಡಿರಲಿಲ್ಲ. ಹೆಂಡತಿಗೆ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು.

ನಗು ಮುಗಿದ ಮೇಲೆ ಮಾವ ಮರವನ್ನು ಎದೆಗವಚಿಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು ಮಗಳ ಕಡೆ ತಿರುಗಿದರು.

"ನೋಡಮ್ಮಾ, ಕೆಟ್ಟದ್ದನ್ನೆಲ್ಲ ಉದುರಿಸಿ ಹೊಸದಾಗಿ ಚಿಗುರೋ ಬುದ್ಧಿ ಈ ಮರಕ್ಕಾದರೂ ಇದೆ. ನಿನಗೆ ಯಾವಾಗ ಬರುತ್ತೆ?"

ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಉದುರಿಸೋಕೆ ನಾನೂ ನೋಡ್ತಾನೇ ಇದ್ದೀನಪ್ಪಾ. ಗಂಜಿ ಗಟ್ಟಿಯಾಗಿ ಹಿಡಿದುಬಿಟ್ಟಿದೆ."